ಅರ್ಧ ಡೈರಿ ಗೋಡೆಯೊಳಗೆ, ಇನ್ನರ್ಧ ತಲೆಯೊಳಗೆ

ಪ್ರಶ್ನೆ: ನನ್ನ ಮಗಳು ಒಂಬತ್ತನೇ ತರಗತಿ. ಹಿಟ್ಲರನ ನಾಜಿಗಳಿಂದ ಅಡಗಿ ಕೂತು ಬರೆದ ಯಹೂದಿ ಹುಡುಗಿ ಆನ್ ಫ್ರಾಂಕ್‌ಳ ಡೈರಿಯನ್ನು ಶಾಲೆಯ ಲೈಬ್ರರಿಯಿಂದ ತಂದು ಓದಿದಳು. ಆನ್ ಕೊನೆಗೆ ಉಳಿಯಲಿಲ್ಲ ಅಂತ ಗೊತ್ತಾದ ಮೇಲೆ ಊಟ ಕೂಡ ಸರಿಯಾಗಿ ಮಾಡಲಿಲ್ಲ. ‘ಅಮ್ಮಾ, ಹಾಗೆ ಬರೆದ ಮಕ್ಕಳಲ್ಲಿ ಬದುಕಿ ಬಂದವರು ಒಬ್ಬರೂ ಇಲ್ವಾ?’ ಅಂತ ಕೇಳುತ್ತಾಳೆ. ಹುಡುಕಿದಾಗ ಪ್ರಾಗ್‌ನ ಹೆಲ್ಗಾ ವೈಸ್ ಹೆಸರು ಸಿಕ್ಕಿತು. ಆದರೆ ಅವಳ ಡೈರಿಯ ಒಂದು ಭಾಗ ಯುದ್ಧ ಮುಗಿದ ಮೇಲೆ ಬರೆದದ್ದಂತೆ. ನನ್ನ ತಮ್ಮ ‘ಹಾಗಿದ್ರೆ ಅದು ಡೈರಿ ಅಲ್ಲ, ಕಥೆ’ ಅನ್ನುತ್ತಾನೆ. ಮಗಳಿಗೆ ಏನು ಹೇಳಲಿ?
– ಒಬ್ಬ ತಾಯಿ, ಹಾಸನ

ಉತ್ತರ: ಮಗಳಿಗೆ ‘ಇದ್ದಾರೆ’ ಅಂತ ಧೈರ್ಯವಾಗಿ ಹೇಳಿ. ತಮ್ಮನಿಗೆ ಹೇಳುವುದು ಸ್ವಲ್ಪ ಜಾಸ್ತಿ ಇದೆ.

ಹೆಲ್ಗಾ ಹುಟ್ಟಿದ್ದು 1929ರ ನವೆಂಬರ್‌ನಲ್ಲಿ, ಪ್ರಾಗ್‌ನಲ್ಲಿ. ಆನ್ ಹುಟ್ಟಿದ್ದೂ ಅದೇ ವರ್ಷ. ಅಪ್ಪ ಓಟ್ಟೊ ಬ್ಯಾಂಕಿನಲ್ಲಿ ಕೆಲಸ ಮಾಡುತ್ತಿದ್ದರು. ಅಮ್ಮ ಬಟ್ಟೆ ಹೊಲಿಯುತ್ತಿದ್ದರು. ಒಬ್ಬಳೇ ಮಗಳು. 1939ರ ಮಾರ್ಚ್‌ನಲ್ಲಿ ಜರ್ಮನ್ ಸೈನ್ಯ ಪ್ರಾಗ್‌ಗೆ ಬಂತು. ಆಮೇಲೆ ಒಂದೊಂದೇ ಬಾಗಿಲು ಮುಚ್ಚುತ್ತಾ ಹೋಯಿತು. ಯಹೂದಿ ಮಕ್ಕಳು ಶಾಲೆಗೆ ಬರಬಾರದು, ಪಾರ್ಕಿಗೆ ಹೋಗಬಾರದು, 1941ರ ಸೆಪ್ಟೆಂಬರ್‌ನಿಂದ ಎದೆ ಮೇಲೆ ಹಳದಿ ನಕ್ಷತ್ರ ಇಲ್ಲದೆ ಹೊರಗೆ ಕಾಲಿಡಬಾರದು. ಇದನ್ನೆಲ್ಲ ಹುಡುಗಿ ಶಾಲೆಯ ನೋಟ್‌ಬುಕ್ಕಿನಲ್ಲಿ ಬರೆದಳು. ಅದೇ ಡಿಸೆಂಬರ್‌ನಲ್ಲಿ ಮೂವರನ್ನೂ ಟೆರೆಜಿನ್‌ಗೆ ಸಾಗಿಸಿದರು. ಅದು ಪ್ರಾಗ್‌ನಿಂದ ಸುಮಾರು 60 ಕಿಲೋಮೀಟರ್ ಉತ್ತರಕ್ಕಿರುವ ಹಳೇ ಕೋಟೆ ಊರು. ನಾಜಿಗಳು ಇಡೀ ಊರನ್ನೇ ಸೆರೆಮನೆ ಮಾಡಿದ್ದರು. ಹೆಲ್ಗಾ ಅಲ್ಲಿ ಸುಮಾರು ಮೂರು ವರ್ಷ ಇದ್ದಳು. ಅಲ್ಲೂ ಬರೆದಳು.

1944ರ ಅಕ್ಟೋಬರ್ 1ರಂದು ಅಪ್ಪನನ್ನು ರೈಲು ಹತ್ತಿಸಿದರು. ಮೂರು ದಿನ ಬಿಟ್ಟು ತಾಯಿ ಮಗಳನ್ನೂ ಹತ್ತಿಸಿದರು. ಹೊರಡುವ ಮೊದಲು ಅವಳು ನೋಟ್‌ಬುಕ್ ಮತ್ತು ಚಿತ್ರಗಳನ್ನು ಅಂಕಲ್ ಯೋಸೆಫ್ ಪೊಲಾಕ್ ಕೈಗೆ ಕೊಟ್ಟಳು. ಅಲ್ಲಿಗೆ ಡೈರಿಯ ಮೊದಲ ಭಾಗ ಮುಗಿಯಿತು.

ಅಲ್ಲಿಂದ ಮುಂದೆ ಆಶ್ವಿಟ್ಜ್, ನಾಜಿಗಳು ಜನರನ್ನು ಗುಂಪುಗುಂಪಾಗಿ ಕೊಲ್ಲುತ್ತಿದ್ದ ಕ್ಯಾಂಪು. ಅಲ್ಲಿ ಇಳಿದವರ ಸಾಮಾನು, ಬಟ್ಟೆ, ತಲೆಗೂದಲು ಎಲ್ಲ ಕಿತ್ತುಕೊಂಡರು. ಹುಡುಗಿ ತನ್ನ ವಯಸ್ಸು ಜಾಸ್ತಿ ಹೇಳಿ ಕೆಲಸಕ್ಕೆ ಬರುವವರ ಸಾಲಿಗೆ ಸೇರಿಕೊಂಡಳು. ಅದೃಷ್ಟಕ್ಕೆ ಅಮ್ಮನೂ ಅದೇ ಸಾಲಿಗೆ ಬಂದರು. ಕೆಲವು ದಿನಗಳಾದ ಮೇಲೆ ಜರ್ಮನಿಯ ಫ್ರೈಬರ್ಗ್‌ಗೆ ಕಳಿಸಿದರು. ಅಲ್ಲಿ ವಿಮಾನದ ಭಾಗಗಳನ್ನು ಮಾಡುವ ಕಾರ್ಖಾನೆ ಕೆಲಸ. 1945ರ ಏಪ್ರಿಲ್‌ನಲ್ಲಿ ಆ ಕಡೆಯಿಂದ ರಷ್ಯನ್ನರು, ಈ ಕಡೆಯಿಂದ ಅಮೆರಿಕನ್ನರು ಹತ್ತಿರ ಬರುತ್ತಿದ್ದಾಗ ಹೆಂಗಸರನ್ನೆಲ್ಲ ಕಲ್ಲಿದ್ದಲು ಸಾಗಿಸುವ ತೆರೆದ ವ್ಯಾಗನ್‌ಗಳಿಗೆ ತುಂಬಿದರು. 16 ದಿನ ಸುತ್ತಿಸಿ ಆಸ್ಟ್ರಿಯಾದ ಮೌತ್‌ಹೌಸನ್ ಕ್ಯಾಂಪಿಗೆ ತಂದು ಬಿಟ್ಟರು. ಮೇ 5ರಂದು ಅಮೆರಿಕನ್ ಸೈನಿಕರು ಬಂದರು. ತಾಯಿ ಮಗಳು ಇಬ್ಬರೂ ಉಸಿರಾಡುತ್ತಿದ್ದರು.

ಈಗ ನಿಮ್ಮ ತಮ್ಮನನ್ನು ಕೇಳಿ: ಈ ಏಳು ತಿಂಗಳಲ್ಲಿ ಆ ಹುಡುಗಿ ಯಾವ ಪೆನ್ಸಿಲ್‌ನಲ್ಲಿ, ಯಾವ ಕಾಗದದ ಮೇಲೆ ಬರೆಯಬೇಕಿತ್ತು? ಊರಿಗೆ ಬಂದ ಕೂಡಲೇ, ಹದಿನೈದು–ಹದಿನಾರರ ವಯಸ್ಸಿನಲ್ಲಿ, ಕೂತು ಬರೆದಳು. ರೈಲು ಈಗ ಹೋಗ್ತಿದೆ, ಈಗ ನಿಂತಿದೆ ಅನ್ನುವ ಹಾಗೆ ಬರೆದಳು. ಅದನ್ನು ಮುಚ್ಚಿಡಲೂ ಇಲ್ಲ. ಮೊದಲ ಭಾಗವನ್ನು ಕೂಡ ಆಮೇಲೆ ಅಲ್ಲಲ್ಲಿ ತಿದ್ದಿದ್ದೇನೆ ಅಂತಲೂ ತಾನೇ ಹೇಳಿಕೊಂಡಿದ್ದಾಳೆ. ಮೋಸ ಮಾಡುವವರು ಹೀಗೆ ಹೇಳುತ್ತಾರಾ?

ಮಗಳಿಗೆ ಇದನ್ನೂ ಹೇಳಿ. ಅವಳು ಓದಿದ ಡೈರಿಯೂ ಒಂದೇ ಸಲಕ್ಕೆ ಬರೆದದ್ದಲ್ಲ. 1944ರ ಮಾರ್ಚ್ 28ರಂದು ಲಂಡನ್ನಿನಿಂದ ಬಂದ ಡಚ್ ರೇಡಿಯೋದಲ್ಲಿ ಒಬ್ಬ ಮಂತ್ರಿ ಮಾತಾಡಿದರು. ಯುದ್ಧಕಾಲದ ಡೈರಿ, ಪತ್ರಗಳನ್ನು ಜೋಪಾನ ಮಾಡಿ, ಮುಂದೆ ಬೇಕಾಗುತ್ತೆ ಅಂದರು. ಅದನ್ನು ಕೇಳಿದ ಆನ್ ಹಿಂದಿನ ಪುಟಗಳನ್ನೆಲ್ಲ ಬಿಡಿ ಹಾಳೆಗಳ ಮೇಲೆ ಹೊಸದಾಗಿ ಬರೆಯಲು ಶುರು ಮಾಡಿದ್ದಳು. ಅದಕ್ಕೆ ಯಾರೂ ಕಥೆ ಅನ್ನುವುದಿಲ್ಲ ಅಲ್ವಾ?

ಓದುವಾಗ ಮಾತ್ರ ಯಾವ ಪುಟ ಯಾವಾಗಿನದು ಅಂತ ಗೊತ್ತಿರಬೇಕು. ಇದು ನನ್ನ ಮೇಷ್ಟರ ಬುದ್ಧಿ, ಬಿಡೋಕಾಗಲ್ಲ. ಟೆರೆಜಿನ್‌ನಲ್ಲಿ ಬರೆದ ಪುಟಗಳಲ್ಲಿ ಆ ಮಗುವಿಗೆ ರೈಲು ಎಲ್ಲಿಗೆ ಹೋಗುತ್ತದೆ ಅಂತ ಗೊತ್ತಿಲ್ಲ. ‘ಪೂರ್ವಕ್ಕೆ’ ಅನ್ನುವುದಷ್ಟೇ ಎಲ್ಲರಿಗೂ ಗೊತ್ತು. ಎರಡನೇ ಭಾಗ ಬರೆಯುವಾಗ ಎಲ್ಲ ಗೊತ್ತು. ಎರಡಕ್ಕೂ ಅದರದರ ಬೆಲೆ ಇದೆ.

ಇನ್ನೊಂದು ಮಾತು. ಆನ್‌ಳನ್ನು ಆಶ್ವಿಟ್ಜ್‌ಗೆ ತಂದದ್ದು 1944ರ ಸೆಪ್ಟೆಂಬರ್ ಮೊದಲ ವಾರ. ಅಲ್ಲಿಂದ ಬೇರೆ ಕಡೆ ಸಾಗಿಸಿದ್ದು ಅಕ್ಟೋಬರ್ ಕೊನೆಗೆ. ಹೆಲ್ಗಾ ಬಂದದ್ದು ಅದೇ ಅಕ್ಟೋಬರ್‌ನ ಮೊದಲ ವಾರ. ಅಂದರೆ ಕೆಲವು ದಿನ ಇಬ್ಬರೂ ಅದೇ ಮುಳ್ಳುತಂತಿಯ ಒಳಗಿದ್ದರು. ಮುಂದಿನ ವರ್ಷ ಜರ್ಮನಿಯ ಬರ್ಗನ್-ಬೆಲ್ಸನ್ ಕ್ಯಾಂಪಿನಲ್ಲಿ ಆನ್ ಕಾಯಿಲೆ ಬಿದ್ದು ತೀರಿಹೋದಳು. ಒಬ್ಬಳು ಉಳಿದು ಇನ್ನೊಬ್ಬಳು ಉಳಿಯದೆ ಹೋದದ್ದಕ್ಕೆ ಜಾಣತನ, ಧೈರ್ಯ ಅಂತೆಲ್ಲ ಕಾರಣ ಹುಡುಕಬೇಡಿ. ಯಾವ ರೈಲು ಯಾವ ಕಡೆ ಹೋಯಿತು ಅನ್ನುವುದರಲ್ಲೇ ಬಹಳಷ್ಟು ತೀರ್ಮಾನವಾಗಿ ಹೋಗುತ್ತಿತ್ತು.

ಪ್ರಶ್ನೆ: ಕ್ಯಾಂಪಿನಲ್ಲಿ ಕಾಗದ, ಬಣ್ಣ ಎಲ್ಲಿಂದ ಬಂತು ಮೇಡಂ? ಚಿತ್ರ ಬಿಡಿಸಿದ್ದು ಸಿಕ್ಕಿಬೀಳಲಿಲ್ವಾ?
– ಡ್ರಾಯಿಂಗ್ ಮೇಷ್ಟ್ರು, ಧಾರವಾಡ

ಉತ್ತರ: ಟೆರೆಜಿನ್‌ಗೆ ಹೋಗುವವರು 50 ಕೆಜಿ ಸಾಮಾನು ಒಯ್ಯಬಹುದಿತ್ತು ಸರ್. ಹೆಲ್ಗಾ ತನ್ನ ಗಂಟಿನಲ್ಲಿ ಡ್ರಾಯಿಂಗ್ ಕಾಗದ, ಬಣ್ಣ ಎಲ್ಲ ಹಾಕಿಕೊಂಡಿದ್ದಳು.

ಹೋದ ಹೊಸದರಲ್ಲಿ ಅಪ್ಪ ಗಂಡಸರ ಬ್ಯಾರಕ್‌ನಲ್ಲಿ, ಇವಳು ಅಮ್ಮನ ಜೊತೆ ಬೇರೆ ಬ್ಯಾರಕ್‌ನಲ್ಲಿ. ಇಬ್ಬರು ಮಕ್ಕಳು ಹಿಮದ ಗೊಂಬೆ ಮಾಡುತ್ತಿರುವ ಚಿತ್ರ ಬಿಡಿಸಿ ಕದ್ದುಮುಚ್ಚಿ ಅಪ್ಪನಿಗೆ ಕಳಿಸಿದಳು. ಅಪ್ಪನಿಂದ ಬಂದ ಉತ್ತರ ಒಂದೇ ಸಾಲು: ‘ನಿನಗೆ ಕಂಡದ್ದನ್ನು ಬಿಡಿಸು.’ ಅಲ್ಲಿಂದ ಹಿಮದ ಗೊಂಬೆ ನಿಂತಿತು. ಮೂರಂತಸ್ತಿನ ಮಂಚ, ಪಾತ್ರೆ ಹಿಡಿದ ಊಟದ ಕ್ಯೂ, ಕಸದಲ್ಲಿ ಆಲೂಗಡ್ಡೆ ಸಿಪ್ಪೆ ಹುಡುಕುವ ಮುದುಕರು. ಸುಮಾರು ನೂರು ಚಿತ್ರ ಆದವು.

ಅದರಲ್ಲಿ ಒಂದನ್ನು ನಿಮ್ಮ ಮಕ್ಕಳಿಗೆ ತೋರಿಸಿ. ಗೆಳತಿಯ ಹದಿನಾಲ್ಕನೇ ಹುಟ್ಟುಹಬ್ಬಕ್ಕೆ, 1943ರಲ್ಲಿ ಕೊಟ್ಟ ಕಾಣಿಕೆ ಅದು. ಇಬ್ಬರೂ ಒಂದೇ ಹೆರಿಗೆ ಆಸ್ಪತ್ರೆಯಲ್ಲಿ ಹುಟ್ಟಿದವರು. ಹಾಳೆಯಲ್ಲಿ ಮೂರು ಚಿತ್ರ. ಮೊದಲನೆಯದು 1929, ಆಸ್ಪತ್ರೆಯಲ್ಲಿ ಇಬ್ಬರು ಕೂಸುಗಳು. ಎರಡನೆಯದು 1943, ಟೆರೆಜಿನ್ ಮಂಚದ ಮೇಲೆ ಇಬ್ಬರು ಹುಡುಗಿಯರು. ಮೂರನೆಯದು ಇನ್ನೂ ಹದಿನಾಲ್ಕು ವರ್ಷ ಮುಂದಕ್ಕೆ, 1957. ಪ್ರಾಗ್‌ನಲ್ಲಿ ಇಬ್ಬರೂ ತಮ್ಮ ತಮ್ಮ ಕೂಸುಗಳನ್ನು ಗಾಡಿಯಲ್ಲಿ ತಳ್ಳಿಕೊಂಡು ಹೋಗುತ್ತಿದ್ದಾರೆ. ಆ ಗೆಳತಿ ಆಶ್ವಿಟ್ಜ್‌ನಿಂದ ವಾಪಸ್ ಬರಲಿಲ್ಲ. ಇನ್ನೂ ಹದಿನೈದು ತುಂಬಿರಲಿಲ್ಲ.

ಸಿಕ್ಕಿಬೀಳಲಿಲ್ವಾ ಅಂದಿರಿ. ಕಾಯುವವರಿಗೆ ಸಿಕ್ಕಿದ್ದರೆ ಗತಿ ಬೇರೆಯೇ ಆಗುತ್ತಿತ್ತು. ದೊಡ್ಡ ಕಲಾವಿದರು ಕೆಲವರು ಇಂಥದ್ದೇ ಚಿತ್ರಗಳಿಗಾಗಿ 1944ರಲ್ಲಿ ಪಕ್ಕದ ಚಿಕ್ಕ ಕೋಟೆಯ ಜೈಲು ಸೇರಿದರು. ಹೆಲ್ಗಾಳ ಚಿತ್ರಗಳು ಉಳಿದದ್ದು ಯೋಸೆಫ್ ಪೊಲಾಕ್‌ರಿಂದ. ಅವರು ಟೆರೆಜಿನ್‌ನ ದಾಖಲೆ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದರು. ಮ್ಯಾಗ್ಡೆಬರ್ಗ್ ಬ್ಯಾರಕ್‌ನ ಗೋಡೆಯೊಳಗೆ ಎಲ್ಲವನ್ನೂ ಇಟ್ಟು, ಇಟ್ಟಿಗೆ ಕಟ್ಟಿ ಮುಚ್ಚಿದರು. ಯುದ್ಧ ಮುಗಿದ ಮೇಲೆ ಅವರೇ ಹೋಗಿ ಒಡೆದು ತೆಗೆದರು.

ಪ್ರಶ್ನೆ: ಟೆರೆಜಿನ್‌ಗೆ ರೆಡ್‌ಕ್ರಾಸ್‌ನವರು ಹೋಗಿ ನೋಡಿ, ಚೆನ್ನಾಗಿದೆ ಅಂತಲೇ ವರದಿ ಕೊಟ್ಟಿದ್ದರಂತೆ. ಹಾಗಾದರೆ ಮಕ್ಕಳ ಡೈರಿಯಲ್ಲಿರುವುದು ಸ್ವಲ್ಪ ಉತ್ಪ್ರೇಕ್ಷೆ ಇರಬಹುದಲ್ಲವೇ?
– ನಿವೃತ್ತ ನೌಕರ, ಬೆಂಗಳೂರು

ಉತ್ತರ: ಹೋಗಿದ್ದು ನಿಜ, ವರದಿಯೂ ನಿಜ. 1944ರ ಜೂನ್ 23, ಒಂದು ದಿನ. ಆದರೆ ಅವರಿಗೆ ಏನು ತೋರಿಸಿದರು ಅನ್ನುವುದನ್ನು ಈ ಮಕ್ಕಳೇ ಬರೆದಿಟ್ಟಿದ್ದಾರೆ ಸ್ವಾಮಿ.

ತಿಂಗಳುಗಟ್ಟಲೆ ತಯಾರಿ ನಡೆಯಿತು. ಜನ ಕಿಕ್ಕಿರಿದಿದ್ದಾರೆ ಅಂತ ಕಾಣಬಾರದು ಅಂತ ಮೇ ತಿಂಗಳಲ್ಲೇ ಸುಮಾರು 7,500 ಜನರನ್ನು ಆಶ್ವಿಟ್ಜ್‌ಗೆ ಸಾಗಿಸಿದರು. ಅತಿಥಿಗಳು ಹೋಗುವ ದಾರಿಯಲ್ಲಿರುವ ಮನೆಗಳಿಗೆ ಮಾತ್ರ ಸುಣ್ಣ ಬಣ್ಣ. ಫುಟ್‌ಪಾತನ್ನು ಕೈದಿಗಳ ಕೈಯಲ್ಲೇ ಉಜ್ಜಿ ತೊಳೆಸಿದರು. ಚೌಕದಲ್ಲಿ ಗುಲಾಬಿ ನೆಟ್ಟು, ಬ್ಯಾಂಡ್ ಬಾರಿಸಲು ಮಂಟಪ ಕಟ್ಟಿದರು. ಮೂರಂತಸ್ತಿನ ಮಂಚಗಳ ಮೇಲಿನ ಅಂತಸ್ತು ಗರಗಸಕ್ಕೆ ಹೋಯಿತು. ಒಂದು ಕಟ್ಟಡಕ್ಕೆ ‘ಶಾಲೆ’ ಅಂತ ಬೋರ್ಡ್ ಬಿತ್ತು. ಪಾಠ ಮಾಡುವುದೇ ನಿಷೇಧವಾಗಿದ್ದ ಊರಿನಲ್ಲಿ ಶಾಲೆಗೆ ಮಕ್ಕಳನ್ನು ಎಲ್ಲಿಂದ ತರುವುದು? ಅದಕ್ಕೇ ‘ರಜೆ’ ಅಂತ ಇನ್ನೊಂದು ಬೋರ್ಡ್. ಕಮಾಂಡೆಂಟ್ ಕಾರ್ಲ್ ರಾಮ್ ಮಕ್ಕಳಿಗೆ ತಿಂಡಿ ಹಂಚುವಾಗ ‘ರಾಮ್ ಅಂಕಲ್, ಇವತ್ತೂ ಸಾರ್ಡೀನ್ ಮೀನೇನಾ?’ ಅಂತ ಬೇಜಾರಿನಿಂದ ಕೇಳಬೇಕು ಅಂತ ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದರು.

ನಮ್ಮಲ್ಲಿ ಇನ್‌ಸ್ಪೆಕ್ಟರ್ ಬರುತ್ತಾರೆ ಅಂದರೆ ಶಾಲೆಗೆ ಸುಣ್ಣ ಬಳಿಯುತ್ತಿದ್ದೆವಲ್ಲ, ಅದೇ ವಿದ್ಯೆ. ನಮ್ಮಲ್ಲಿ ಅದು ನಗುವ ವಿಷಯವಾಗಿತ್ತು. ಅಲ್ಲಿ ಏನಾಯಿತು ಕೇಳಿ. ಅತಿಥಿಗಳು ಹೋದ ಮೇಲೆ ಅದೇ ಅಲಂಕಾರ ಇಟ್ಟುಕೊಂಡು ಒಂದು ಪ್ರಚಾರ ಸಿನಿಮಾ ತೆಗೆದರು. ಶೂಟಿಂಗ್ ಮುಗಿಯಿತು. ಸೆಪ್ಟೆಂಬರ್ 28ರಿಂದ ಒಂದು ತಿಂಗಳಲ್ಲಿ ಹನ್ನೊಂದು ರೈಲು ಹೊರಟವು. ಹದಿನೆಂಟು ಸಾವಿರಕ್ಕೂ ಹೆಚ್ಚು ಜನ ಆಶ್ವಿಟ್ಜ್‌ಗೆ ಹೋದರು. ಹೆಲ್ಗಾ ಮನೆಯವರು ಮೂವರೂ ಅದರಲ್ಲಿದ್ದರು. ಸಿನಿಮಾ ನಿರ್ದೇಶಿಸಿದ ಕುರ್ಟ್ ಗೆರೋನ್, ಅವನೂ ಯಹೂದಿ ಕೈದಿಯೇ, ಅವನನ್ನೂ ಬಿಡಲಿಲ್ಲ.

ಲೆಕ್ಕ ಬೇಕಿದ್ದರೆ: ಟೆರೆಜಿನ್‌ಗೆ ತಂದವರು ಸುಮಾರು 1,40,000. ಅಲ್ಲೇ ಹಸಿವು, ಕಾಯಿಲೆಯಿಂದ ಸತ್ತವರು ಸುಮಾರು 33,000. ಪೂರ್ವದ ಕ್ಯಾಂಪುಗಳಿಗೆ ಕಳಿಸಿದ್ದು 88,000ದಷ್ಟು ಜನರನ್ನು. ಉತ್ಪ್ರೇಕ್ಷೆ ಇದ್ದದ್ದು ವರದಿಯಲ್ಲಿ, ಡೈರಿಯಲ್ಲಲ್ಲ.

ಪ್ರಶ್ನೆ: ಇಂಥ ಬೇರೆ ಮಕ್ಕಳೂ ಇದ್ದಾರಾ?
– ಕಾಲೇಜು ವಿದ್ಯಾರ್ಥಿನಿ, ಮಂಗಳೂರು

ಉತ್ತರ: ಇದ್ದಾರೆ. ಯಾನಿನಾ ಹೆಶೆಲೆಸ್ ಅಂತ, ಆಗ ಪೋಲೆಂಡಿನಲ್ಲಿದ್ದ ಲ್ವೂಫ್ ಊರಿನ ಹುಡುಗಿ. ಅಪ್ಪ ಪತ್ರಿಕೆ ಸಂಪಾದಕರು. 1941ರಲ್ಲಿ ಅವರನ್ನು ಕೊಂದರು. ಆಮೇಲೆ ಅಮ್ಮನೂ ಹೋದರು. ಯಾನೋವ್ಸ್ಕಾ ಕ್ಯಾಂಪಿನಲ್ಲಿದ್ದ ಅವಳನ್ನು 1943ರಲ್ಲಿ ಭೂಗತ ಸಂಘಟನೆಯವರು ಹೊರಗೆ ಸಾಗಿಸಿದರು. ಅಡಗಿದ್ದ ಮನೆಯಲ್ಲಿ ಒಂದು ನೋಟ್‌ಬುಕ್ ಕೊಟ್ಟು, ಕಂಡದ್ದೆಲ್ಲ ಬರಿ ಅಂದರು. ಹನ್ನೆರಡು ವರ್ಷದ ಹುಡುಗಿ ಬರೆದಳು. ಯುದ್ಧ ಇನ್ನೂ ನಡೆಯುತ್ತಿತ್ತು. ದೊಡ್ಡವಳಾಗಿ ಇಸ್ರೇಲ್‌ನಲ್ಲಿ ರಸಾಯನ ವಿಜ್ಞಾನಿ ಆದಳು. ವಾರ್ಸಾದ ಮೇರಿ ಬರ್ಗ್‌ಳ ಅಮ್ಮ ಅಮೆರಿಕದ ಪ್ರಜೆ. ಹಾಗಾಗಿ ಕೈದಿಗಳ ವಿನಿಮಯದಲ್ಲಿ 1944ರಲ್ಲಿ ನ್ಯೂಯಾರ್ಕ್ ಸೇರಿದಳು. ಅವಳ ಡೈರಿ ಯುದ್ಧ ಮುಗಿಯುವ ಮೊದಲೇ ಪುಸ್ತಕವಾಯಿತು.

ಟೆರೆಜಿನ್‌ನಲ್ಲೇ ಇದ್ದ ಪೆಟ್ರ್ ಗಿಂಜ್ ಬದುಕಲಿಲ್ಲ. ಹುಡುಗ ಅಲ್ಲಿ ಕೈಬರಹದ ಪತ್ರಿಕೆ ನಡೆಸುತ್ತಿದ್ದ. ಚಂದ್ರನ ಮೇಲಿಂದ ಭೂಮಿ ಹೇಗೆ ಕಾಣಬಹುದು ಅಂತ ಚಿತ್ರ ಬಿಡಿಸಿದ್ದ. ಅದರ ಪ್ರತಿಯನ್ನು ಇಸ್ರೇಲಿನ ಗಗನಯಾತ್ರಿ 2003ರಲ್ಲಿ ಕೊಲಂಬಿಯಾ ನೌಕೆಯಲ್ಲಿ ಒಯ್ದಿದ್ದರು. ನಮ್ಮ ಕಲ್ಪನಾ ಚಾವ್ಲಾ ಇದ್ದ ನೌಕೆಯೇ ಅದು. ಆ ದುರಂತದ ಸುದ್ದಿಯಲ್ಲಿ ಹುಡುಗನ ಹೆಸರು ಬಂದ ಮೇಲೆ, ಪ್ರಾಗ್‌ನ ಒಂದು ಮನೆಯ ಅಟ್ಟದಲ್ಲಿದ್ದ ಅವನ ಡೈರಿ ಹೊರಗೆ ಬಂತು.

ಪ್ರಶ್ನೆ: ಹೆಲ್ಗಾ ಅಪ್ಪ ಸಿಕ್ಕರಾ? ಅವಳು ಆಮೇಲೆ ಏನಾದಳು?
– 8ನೇ ತರಗತಿ ವಿದ್ಯಾರ್ಥಿ, ಗಂಗಾವತಿ

ಉತ್ತರ: ಸಿಗಲಿಲ್ಲ ಮಗು. ಆಶ್ವಿಟ್ಜ್‌ಗೆ ಹೋದ ಮೇಲೆ ಅವರ ಸುಳಿವೇ ಇಲ್ಲ. ಹೆಲ್ಗಾ ಮತ್ತು ಅಮ್ಮ ಪ್ರಾಗ್‌ಗೆ ಬಂದು, ಮೊದಲಿದ್ದ ಮನೆಯಲ್ಲೇ ಇದ್ದರು. ಅವಳು ಚಿತ್ರಕಲೆ ಕಲಿತು ಕಲಾವಿದೆ ಆದಳು. ಸಂಗೀತಗಾರರನ್ನು ಮದುವೆಯಾದಳು. ಮಗ, ಮೊಮ್ಮಗಳು ಇಬ್ಬರೂ ಚೆಲ್ಲೊ ಅನ್ನುವ ದೊಡ್ಡ ಪಿಟೀಲಿನಂಥ ವಾದ್ಯ ನುಡಿಸುತ್ತಾರೆ. ಡೈರಿ 2013ರಲ್ಲಿ ಇಂಗ್ಲಿಷಿಗೂ ಬಂತು.

ಪ್ರಶ್ನೆ: ಎಷ್ಟು ವಯಸ್ಸಿನ ಮಕ್ಕಳಿಗೆ ಇದನ್ನು ಓದಲು ಕೊಡಬಹುದು?
– ಗ್ರಂಥಪಾಲಕಿ, ಸಾಗರ

ಉತ್ತರ: ಹತ್ತು ವರ್ಷದವರಿಗೆ ಬೇಡ. ಅವರಿಗೆ ಚಿತ್ರಗಳನ್ನು ತೋರಿಸಿ, ಕೇಳಿದ್ದಕ್ಕೆ ಉತ್ತರ ಹೇಳಿ, ಸಾಕು. ಹದಿಮೂರು ದಾಟಿದವರಿಗೆ ಕೊಡಿ. ತೆರೆದ ವ್ಯಾಗನ್‌ನ 16 ದಿನದ ಪುಟಗಳು ಕಷ್ಟ ಇವೆ. ಅವನ್ನು ಮೊದಲು ನೀವು ಓದಿಕೊಂಡು, ಆಮೇಲೆ ಕೊಡಿ. ರಾತ್ರಿ ಮಲಗುವ ಮುಂಚೆ ಮಾತ್ರ ಬೇಡ.