ಮೊದಲು ನಿಮ್ಮ ಅಣ್ಣನಿಗೆ ಫೋನ್ ಮಾಡಿ

ಮಡಗಾಂವದಿಂದ ಬಂದ ಪತ್ರವೊಂದು ಈ ವಾರ ನನ್ನ ನೆಮ್ಮದಿ ಕೆಡಿಸಿದೆ. ಬರೆದವರು ಯಲ್ಲಾಪುರದ ಕಡೆಯವರು, ಮದುವೆಯಾಗಿ ಗೋವಾ ಸೇರಿದವರು. 2020ರ ಮೇ ತಿಂಗಳಲ್ಲಿ ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಜಾರ್ಜ್ ಫ್ಲಾಯ್ಡ್ ಪೊಲೀಸನ ಮೊಣಕಾಲಿನಡಿ ಉಸಿರುಗಟ್ಟಿ ಸತ್ತ ಸಂಗತಿ ಇವರ ಹನ್ನೊಂದು ವರ್ಷದ ಮಗನಿಗೆ ಹೇಗೋ ತಿಳಿದಿದೆ. ತನ್ನ ಹುಂಡಿಯ ದುಡ್ಡನ್ನು ಅಲ್ಲಿನ ಕಪ್ಪುಜನರ ಹೋರಾಟಕ್ಕೆ ಕಳಿಸಬೇಕೆಂದು ಹಟ ಹಿಡಿದಿದ್ದಾನೆ. ಗಂಡ, 'ಅಮೆರಿಕದ ಉಸಾಬರಿ ನಮಗೇಕೆ' ಎನ್ನುತ್ತಾರೆ. ಯಾವ ಸಂಸ್ಥೆಗೆ ಕಳಿಸಲಿ, ವರ್ಣಭೇದವನ್ನು ಮಗನಿಗೆ ಹೇಗೆ ವಿವರಿಸಲಿ ಎಂದು ತಾಯಿ ಕೇಳಿದ್ದಾರೆ.

ಮೂರು ಪುಟಗಳ ಪತ್ರದ ತುದಿಯಲ್ಲಿ, ಸಹಿಗೆ ಸ್ವಲ್ಪ ಮೇಲೆ, ಹೀಗಿದೆ: 'ಆರು ವರ್ಷದ ಮಗಳು ಸ್ವಲ್ಪ ಕಪ್ಪು. ನಮ್ಮಣ್ಣ ಅವಳನ್ನು ತಮಾಷೆಗೆ ಸಿದ್ದಿ ಎಂದೇ ಕರೆಯುವುದು. ಅವಳೂ ನಗುತ್ತಾಳೆ.'

ನಗದೆ ಆ ಮಗು ಇನ್ನೇನು ಮಾಡಬೇಕು ತಾಯಿ? ಜಗಲಿಯ ತುಂಬ ಕೂತ ದೊಡ್ಡವರೆಲ್ಲ ನಗುತ್ತಿರುವಾಗ ಅಳಲು ಅದಕ್ಕೆ ಧೈರ್ಯವಿದೆಯೇ?

ನಿಮ್ಮ ಯಜಮಾನರ ಮೇಲೆ ನನಗೆ ಅಷ್ಟೇನೂ ಸಿಟ್ಟಿಲ್ಲ. ದುಡ್ಡಿನ ಮಾತು ಬಂದಾಗ ಗಂಡಸರು ಹಾಗೆಯೇ. ಸಿಟ್ಟೆಲ್ಲ ನಿಮ್ಮ ಅಣ್ಣನ ಮೇಲೆ. ಸೋದರಮಾವನಾದವನು ಒಂದೇ ಮಾತಿನಲ್ಲಿ ಸೊಸೆಯನ್ನೂ ಹಂಗಿಸಿದ, ಆಫ್ರಿಕಾ ಮೂಲದ ಸಿದ್ದಿಗಳ ಇಡೀ ಸಮುದಾಯವನ್ನೂ ಹಂಗಿಸಿದ. ತೋಟದ ಕೆಲಸಕ್ಕೆ ಸಿದ್ದಿಗಳು ಬಂದ ದಿನ, ಅವರೆದುರಿಗೂ ಹೀಗೆಯೇ ಕರೆಯುತ್ತಾರೋ ಕೇಳಿ ನೋಡಿ.

ವರ್ಣಭೇದವನ್ನು ವಿವರಿಸಲು ನಿಮ್ಮ ಮಗನಿಗೆ ಮಿನಿಯಾಪೊಲಿಸ್ ಬೇಕಾಗಿಲ್ಲ. ಪೋರ್ಚುಗೀಸರು ಆಫ್ರಿಕಾದ ಪೂರ್ವ ಕರಾವಳಿಯಿಂದ ಜನರನ್ನು ಹಡಗಿನಲ್ಲಿ ತಂದು ಗುಲಾಮರನ್ನಾಗಿ ಮಾರಿದ್ದು ನೀವಿರುವ ಗೋವಾದಲ್ಲಿಯೇ. ಅವರಲ್ಲಿ ಎಷ್ಟೋ ಮಂದಿ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದರು. ಇಂದು ಯಲ್ಲಾಪುರ, ಹಳಿಯಾಳ, ಅಂಕೋಲಾ, ಮುಂಡಗೋಡಗಳಲ್ಲಿರುವ ಸಿದ್ದಿಗಳಲ್ಲಿ ಬಹಳಷ್ಟು ಮಂದಿ ಅವರ ಸಂತತಿ. ಮನೆಯಲ್ಲಿ ಕೊಂಕಣಿ, ಪೇಟೆಯಲ್ಲಿ ಕನ್ನಡ, ಹಬ್ಬಕ್ಕೆ ಡಮಾಮಿ ಕುಣಿತ. ಪರಿಶಿಷ್ಟ ಪಂಗಡದ ಪಟ್ಟಿಗೆ ಅವರ ಹೆಸರು ಸೇರಲು 2003ರವರೆಗೆ ಕಾಯಬೇಕಾಯಿತು. ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡದ್ದು 2020ರಲ್ಲಿ. ಇದನ್ನು ಹುಡುಗನಿಗೆ ಹೇಳಿ. ನಿಮ್ಮ ತವರಿನ ಬಸ್ಸಿನಲ್ಲಿ ಪಕ್ಕದ ಸೀಟಿನಲ್ಲಿ ಕೂರುವವರ ಚರಿತ್ರೆ ಇದು. ಅವನ ಶಾಲೆಯ ಪಾಠದಲ್ಲಿ ಇದು ಸಿಗುತ್ತದೆಂದು ನಾನು ನಂಬಿ ಕೂರಲಾರೆ.

ಹುಂಡಿಯ ದುಡ್ಡು ಅವನದು, ಕಳಿಸಲಿ. ಅನ್ಯಾಯ ದೂರದ್ದೆಂದು ಮಗುವಿನ ಕೈ ತಡೆಯಬೇಡಿ. ಆದರೆ ಅಮೆರಿಕಕ್ಕೆ ದುಡ್ಡು ಕಳಿಸಿ, ತಂಗಿಯನ್ನು ಹಂಗಿಸುವಾಗ ಸುಮ್ಮನಿರುವುದನ್ನು ಅವನು ನಿಮ್ಮಿಂದಲೇ ಕಲಿಯುತ್ತಿದ್ದಾನೆ. ಮಕ್ಕಳು ಉಪದೇಶ ಕೇಳುವುದಿಲ್ಲ, ದೊಡ್ಡವರು ಎಲ್ಲಿ ಬಾಯಿ ಮುಚ್ಚಿಕೊಳ್ಳುತ್ತಾರೆ ಎಂದು ನೋಡುತ್ತವೆ ಎಂದು ಈ ಅಂಕಣದಲ್ಲಿ ಎಷ್ಟು ಸಲ ಬರೆದಿದ್ದೇನೋ! (ಕಡಲೆಹಿಟ್ಟು ಬಜ್ಜಿಗೆ, ಹೆಣ್ಣುಮಕ್ಕಳ ಮುಖಕ್ಕಲ್ಲ ಎಂದೂ ಅಷ್ಟೇ ಸಲ ಬರೆದಿದ್ದೇನೆ. ನಿಮ್ಮ ಮನೆಯಲ್ಲಿ ಅದೂ ನಡೆದಿರುತ್ತದೆ, ಬಿಡಿ.)

ಮಾಡಬೇಕಾದದ್ದು ಒಂದೇ. ಇವತ್ತು ರಾತ್ರಿ ಇಬ್ಬರು ಮಕ್ಕಳನ್ನೂ ಪಕ್ಕದಲ್ಲಿ ಕೂರಿಸಿಕೊಂಡು, ಸ್ಪೀಕರ್ ಹಾಕಿ, ಅಣ್ಣನಿಗೆ ಫೋನ್ ಮಾಡಿ. 'ಅಣ್ಣಾ, ಅವಳಿಗೆ ಹೆಸರಿದೆ. ಇನ್ನು ಮುಂದೆ ಆ ಹೆಸರಿನಿಂದಲೇ ಕರೆ' ಎನ್ನಿ. ತಮಾಷೆಗೆ ಹೇಳಿದ್ದು ಎಂದರೆ, ಹಾಗಾದರೆ ಬಿಡುವುದು ಕಷ್ಟವಲ್ಲವಲ್ಲ ಎನ್ನಿ. ಅತ್ತಿಗೆ ನಡುವೆ ಬಾಯಿ ಹಾಕಿದರೆ ಅವರಿಗೂ ಇದೇ ಉತ್ತರ. ಚೌತಿಗೆ ಊರಿಗೆ ಹೊರಡುವ ಮೊದಲೇ ಈ ಮಾತು ಆಗಿಹೋಗಿರಲಿ.