ಸ್ಟೀರಿಂಗ್ ನರಳುತ್ತಿದೆ, ರ‍್ಯಾಕ್ ಬದಲಿಸಬೇಕೆ?

ಪ್ರಶ್ನೆ: ನಮ್ಮದು 2010ರ ಪೆಟ್ರೋಲ್ ಕಾರು, ಆಯಿಲ್ ಹಾಕುವ ಪವರ್ ಸ್ಟೀರಿಂಗ್. ಮಗಳ ಮನೆ ಉಡುಪಿಯಲ್ಲಿರುವುದರಿಂದ ಆಗುಂಬೆ ಘಾಟಿಯಲ್ಲಿ ಆಗಾಗ ಓಡಾಟ. ಈಚೆಗೆ ಬೆಳಗ್ಗೆ ಅಂಗಳದಿಂದ ಹೊರಡುವಾಗಲೂ ಘಾಟಿಯ ತಿರುವುಗಳಲ್ಲೂ ಸ್ಟೀರಿಂಗ್ ತಿರುಗಿಸಿದರೆ ‘ಗೊಂಯ್’ ಎಂದು ನರಳುತ್ತದೆ. ಎಂಜಿನ್ ಚಾಲೂ ಆದ ಮೇಲೆ ಸ್ವಲ್ಪ ಹೊತ್ತು ‘ಟಿಕ್ ಟಿಕ್’ ಸದ್ದು ಬಂದು ನಿಲ್ಲುತ್ತದೆ. ಗ್ಯಾರೇಜಿನವರು ಮುಂದಿನ ಚಕ್ರಗಳನ್ನು ತಿರುಗಿಸುವ ಸ್ಟೀರಿಂಗ್ ರ‍್ಯಾಕನ್ನೇ ಬದಲಿಸಬೇಕು ಎನ್ನುತ್ತಾರೆ. ಏನು ಮಾಡಲಿ?
– ನಿವೃತ್ತ ಶಿಕ್ಷಕರು, ತೀರ್ಥಹಳ್ಳಿ

ಉತ್ತರ: ಮೇಷ್ಟ್ರೇ, ರ‍್ಯಾಕಿಗೆ ಈಗಲೇ ದುಡ್ಡು ಕೊಡಬೇಡಿ. ರ‍್ಯಾಕ್ ಸವೆದರೆ ಗುಂಡಿ ಬಿದ್ದ ರಸ್ತೆಯಲ್ಲಿ ‘ಲಟಲಟ’ ಎಂದು ಕುಟ್ಟುತ್ತದೆ, ಸ್ಟೀರಿಂಗಿನ ಸಡಿಲು ಕೈಗೇ ಗೊತ್ತಾಗುತ್ತದೆ. ನರಳುವುದು ಸಾಮಾನ್ಯವಾಗಿ ಪಂಪು, ಅಂದರೆ ಸ್ಟೀರಿಂಗ್ ಹಗುರಾಗಲೆಂದು ಆಯಿಲನ್ನು ಒತ್ತಡದಿಂದ ತಳ್ಳುವ ಭಾಗ. ಕಾರು ನಿಂತಿರುವಾಗ, ಗೇರು ನ್ಯೂಟ್ರಲ್‌ನಲ್ಲಿಟ್ಟು, ಸ್ಟೀರಿಂಗನ್ನು ಸ್ವಲ್ಪ ತಿರುಗಿಸಿ ಹಿಡಿದು ಆಕ್ಸಿಲರೇಟರ್ ಮೆಲ್ಲಗೆ ಒತ್ತಿ. ನರಳಾಟ ಎಂಜಿನ್ನಿನ ಜೊತೆಗೇ ಏರಿದರೆ ಅನುಮಾನ ಪಂಪಿನ ಮೇಲೆ, ಅದನ್ನು ತಿರುಗಿಸುವ ಬೆಲ್ಟಿನ ಮೇಲೆ.

ಬಾನೆಟ್ ತೆಗೆದು ಪವರ್ ಸ್ಟೀರಿಂಗ್ ಆಯಿಲಿನ ಪುಟ್ಟ ಡಬ್ಬಿಯನ್ನು ನೋಡಿ. ಆಯಿಲ್ ಕೆಳಗಿನ ಗೆರೆಗಿಂತ ಇಳಿದಿದೆಯೇ? ನೊರೆ ಎದ್ದಿದೆಯೇ? ನೊರೆ ಇದ್ದರೆ ಪಂಪು ಆಯಿಲಿನ ಜೊತೆ ಗಾಳಿಯನ್ನೂ ಎಳೆಯುತ್ತಿದೆ, ನರಳುವುದು ಅದಕ್ಕೇ. ಡಬ್ಬಿಯಿಂದ ಪಂಪಿಗೆ ಹೋಗುವ ರಬ್ಬರ್ ಪೈಪಿನ ಕ್ಲಿಪ್ಪು ಸಡಿಲಾಗಿದ್ದರೂ ಹೀಗಾಗುತ್ತದೆ. ರಾತ್ರಿ ಕಾರಿನ ಮುಂಭಾಗದ ಕೆಳಗೆ ಹಳೆಯ ರಟ್ಟು ಹಾಸಿಡಿ, ಕಲೆ ಎಲ್ಲಿ ಬಿದ್ದಿದೆಯೋ ಸೋರಿಕೆ ಅದರ ಆಸುಪಾಸಿನಲ್ಲೇ ಇರುತ್ತದೆ. ರ‍್ಯಾಕಿನ ಎರಡು ತುದಿಗಳಲ್ಲಿರುವ ರಬ್ಬರ್ ಬೂಟುಗಳನ್ನು (ಮಡಿಕೆ ಮಡಿಕೆಯ ಹೊದಿಕೆ) ಹಿಸುಕಿ ನೋಡಲು ಹೇಳಿ. ಒಳಗೆ ಆಯಿಲ್ ತುಂಬಿದ್ದರೆ ರ‍್ಯಾಕಿನ ಸೀಲು ಹೋಗಿದೆ, ಆಗ ಗ್ಯಾರೇಜಿನವರ ಮಾತಿನಲ್ಲಿ ಅರ್ಥವಿದೆ. ಅದನ್ನು ಕಣ್ಣಾರೆ ತೋರಿಸದೆ ರ‍್ಯಾಕ್ ಬಿಚ್ಚಲು ಒಪ್ಪಬೇಡಿ.

ಆಯಿಲ್ ಕಡಿಮೆಯಾಗಿದ್ದರೆ ಡಬ್ಬಿಯ ಮುಚ್ಚಳದ ಮೇಲೆ ಬರೆದಿರುವುದನ್ನೇ ಹಾಕಿಸಿ. ಬ್ರೇಕ್ ಆಯಿಲನ್ನು ಯಾವ ಕಾರಣಕ್ಕೂ ಸುರಿಯಬಾರದು, ಒಳಗಿನ ರಬ್ಬರ್ ಸೀಲುಗಳು ಉಬ್ಬಿ ಹಾಳಾಗುತ್ತವೆ. ಆಯಿಲ್ ತುಂಬಿದ ಮೇಲೆ ಮುಂದಿನ ಚಕ್ರಗಳನ್ನು ಜಾಕಿನಿಂದ ಎತ್ತಿ, ಎಂಜಿನ್ ಆಫ್ ಇರುವಾಗಲೇ ಸ್ಟೀರಿಂಗನ್ನು ಆ ಕೊನೆಯಿಂದ ಈ ಕೊನೆಗೆ ಹಲವು ಸಲ ನಿಧಾನವಾಗಿ ತಿರುಗಿಸಬೇಕು. ಸಿಕ್ಕಿಕೊಂಡ ಗಾಳಿ ಗುಳ್ಳೆಗಳಾಗಿ ಹೊರಬರುತ್ತದೆ. ಅವಸರದಲ್ಲಿ ಇದನ್ನು ಬಿಟ್ಟುಬಿಡುವವರೇ ಹೆಚ್ಚು, ನೀವು ಪಕ್ಕದಲ್ಲೇ ನಿಂತು ಮಾಡಿಸಿ.

ಸದ್ದು ‘ಕೀಚ್’ ಎಂದು ಹರಿತವಾಗಿದ್ದರೆ ಬೆಲ್ಟು ಜಾರುತ್ತಿರಬಹುದು. ಬಿರುಕು ಬಿಟ್ಟಿದ್ದರೆ, ಹೊಳಪು ಬಂದಿದ್ದರೆ ಬದಲಿಸಿ. ಆಗುಂಬೆಯ 14 ಹಿಮ್ಮುರಿ ತಿರುವುಗಳ ನಡುವೆ ಬೆಲ್ಟು ಕಿತ್ತರೆ ಸ್ಟೀರಿಂಗ್ ಏಕಾಏಕಿ ಕಲ್ಲಿನಂತಾಗುತ್ತದೆ. ಇದನ್ನು ನೋಡಿಸದೆ ಘಾಟಿ ಇಳಿಯಬೇಡಿ. ತಿರುವಿನಲ್ಲಿ ಸ್ಟೀರಿಂಗ್ ಕೊನೆ ಮುಟ್ಟಿದಾಗ ಬಲವಾಗಿ ಅದುಮಿ ಹಿಡಿಯುವ ಅಭ್ಯಾಸವಿದ್ದರೆ ಬಿಡಿ, ಪಂಪಿನ ಒತ್ತಡ ಮಿತಿ ಮುಟ್ಟಿ ಆಯಿಲ್ ಕಾಯುತ್ತದೆ.

ಇನ್ನು ‘ಟಿಕ್ ಟಿಕ್’. ರಾತ್ರಿಯೆಲ್ಲ ಕೆಳಗಿಳಿದ ಎಂಜಿನ್ ಆಯಿಲ್ ಮೇಲಿನ ವಾಲ್ವುಗಳಿಗೆ ಏರುವ ತನಕ ಬರುವ ಸದ್ದು ಇದಾಗಿರಬಹುದು. ಸಮತಟ್ಟಾದ ಜಾಗದಲ್ಲಿ ಕಡ್ಡಿ ತೆಗೆದು ಆಯಿಲ್ ಮಟ್ಟ ನೋಡಿ, ಬದಲಿಸುವ ಅವಧಿ ಮೀರಿದ್ದರೆ ಬದಲಿಸಿ. ಬಿಸಿಯಾದ ಮೇಲೂ ಸದ್ದು ಉಳಿದರೆ ವಾಲ್ವ್ ಸಂದು ಪರೀಕ್ಷಿಸಲು ಹೇಳಿ. ಆದರೆ ಓಡುವಾಗ ಕೆಂಪು ಆಯಿಲ್ ದೀಪ ಹತ್ತಿದರೆ, ಅಥವಾ ಏರಿನಲ್ಲಿ ಒಳಗಿನಿಂದ ‘ದಡ್ ದಡ್’ ಎಂದು ಭಾರವಾಗಿ ಬಡಿದರೆ, ಕಾರನ್ನು ಪಕ್ಕಕ್ಕೆ ನಿಲ್ಲಿಸಿ ಎಂಜಿನ್ ಆಫ್ ಮಾಡಿ, ಎಳೆಯುವ ಗಾಡಿ ತರಿಸಿ.