ಲಾಗ್ ತುಂಬಾ ಎರಡು ಚುಕ್ಕಿ, ಒಂದು ಗೀಟು

ಪ್ರಶ್ನೆ: ಸರ್, ಕೋಲಾರ ಎಪಿಎಂಸಿಯಲ್ಲಿ ನಮ್ಮದು ಟೊಮೆಟೊ ಮಂಡಿ. ಹಳೇ ಕಂಪ್ಯೂಟರಿಗೆ ಉಬುಂಟು ಹಾಕಿ ಅಪಾಚೆ ವೆಬ್ ಸರ್ವರ್ ನಡೆಸುತ್ತಿದ್ದೇನೆ. ರೈತರು ಊರಲ್ಲೇ ಕೂತು ತಮ್ಮ ಚೀಟಿ ನೋಡಲಿ ಅಂತ ಪಿಎಚ್‌ಪಿ ಭಾಷೆಯಲ್ಲಿ ಸಣ್ಣ ಪುಟ ಬರೆದೆ. ಫೈಲಿನ ಹೆಸರು ಕೊಟ್ಟರೆ ಪಿಡಿಎಫ್ ಬರುತ್ತೆ. ಮೊನ್ನೆ ಲಾಗ್, ಅಂದರೆ ಯಾರು ಏನು ಕೇಳಿದರು ಅಂತ ಸರ್ವರ್ ಬರೆದಿಡುವ ಪಟ್ಟಿ, ತೆಗೆದರೆ ../../../ ಅಂತ ಸಾಲುಸಾಲು. ಏನಿದು? ಸರ್ವರ್ ಆಫ್ ಮಾಡಿಬಿಡಲಾ?

ಉತ್ತರ: ಸದ್ಯಕ್ಕೆ ಆ ಪುಟ ಮಾತ್ರ ನಿಲ್ಲಿಸಿ. ಲಾಗನ್ನು ಅಳಿಸಬೇಡಿ, ಅದೇ ಈಗ ನಿಮಗೆ ಸಾಕ್ಷಿ.

ಎರಡು ಚುಕ್ಕಿ, ಒಂದು ಗೀಟು ಅಂದರೆ ‘ಒಂದು ಫೋಲ್ಡರ್ ಹಿಂದಕ್ಕೆ ಹೋಗು’ ಅಂತ. ಮಂಡಿಯ ಹುಡುಗನಿಗೆ ಯಾರೋ ಬಂದು ‘ಹಿಂದಿನ ರೂಮಿಗೆ ಹೋಗು, ಅದರ ಹಿಂದಿನದಕ್ಕೂ ಹೋಗು, ಬೀರುವಿನಲ್ಲಿರೋ ಲೆಕ್ಕದ ಪುಸ್ತಕ ತಾ’ ಅಂತಾರೆ. ಅವನು ಯಾರು ಏನು ಅಂತ ಕೇಳದೆ ತಂದುಕೊಡುತ್ತಾನೆ. ಇದಕ್ಕೇ ಪಾತ್ ಟ್ರಾವರ್ಸಲ್ ಅನ್ನುವುದು. ನಿಮ್ಮ ಮಂಡಿ ಮೇಲೇ ಯಾರೋ ಕಣ್ಣಿಟ್ಟಿದ್ದಾರೆ ಅಂತ ಗಾಬರಿ ಬೇಡ. ಇಂಟರ್ನೆಟ್ಟಿಗೆ ತೆರೆದ ಸರ್ವರ್‌ಗಳನ್ನು ಪ್ರೋಗ್ರಾಂಗಳು ಹೀಗೆ ತಟ್ಟಿ ನೋಡುತ್ತಲೇ ಇರುತ್ತವೆ.

ಆ ಸಾಲುಗಳಲ್ಲಿ ಮುಂದೆ ಒಂದು ಮೂರಂಕಿ ಇರುತ್ತೆ. 400, 403, 404 ಇದ್ದರೆ ಕೇಳಿದ್ದು ಸಿಕ್ಕಿಲ್ಲ. 200 ಇದ್ದರೆ ಪಕ್ಕದ ಸಂಖ್ಯೆ ನೋಡಿ, ಅಷ್ಟು ಬೈಟ್ ಹೊರಗೆ ಹೋಗಿದೆ. ‘ಚೀಟಿ ಸಿಗಲಿಲ್ಲ’ ಅಂತ ನಿಮ್ಮ ಪುಟ ಹೇಳಿದಾಗಲೂ 200 ಬರಬಹುದು, ಅದಕ್ಕೇ ಆ ಸಂದೇಶದ ಬೈಟ್ ಜೊತೆ ಹೋಲಿಸಿ ನೋಡಿ. ಬೇರೆ ಫೈಲ್ ಹೋಗಿದೆ ಅನ್ನಿಸಿದರೆ ಡೇಟಾಬೇಸಿನ ಪಾಸ್‌ವರ್ಡ್ ಕೂಡ ಅದರಲ್ಲಿ ಹೋಗಿರಬಹುದು, ಇವತ್ತೇ ಬದಲಿಸಿ. ನಾಳೆಗೆ ಇಡಬೇಡಿ.

ಅಪಾಚೆಯ ವರ್ಷನ್ ಕೂಡ ನೋಡಿಕೊಳ್ಳಿ. 2021ರಲ್ಲಿ 2.4.49ರಲ್ಲೇ ಈ ತೂತು ಇತ್ತು. ಚುಕ್ಕಿಯ ಬದಲು ಅದರ ಸಂಕೇತ (%2e) ಬರೆದರೆ ತಪಾಸಣೆ ತಪ್ಪಿಸಿಕೊಳ್ಳಬಹುದಿತ್ತು. ಅಕ್ಟೋಬರಿನಲ್ಲಿ 2.4.50 ಬಂತು. ಆ ರಿಪೇರಿಯೂ ಸಾಲದೆ ಕೆಲವೇ ದಿನಕ್ಕೆ 2.4.51 ಬಿಡಬೇಕಾಯಿತು.

ಆದರೆ ನನ್ನ ಅನುಮಾನ ಜಾಸ್ತಿ ಇರುವುದು ನಿಮ್ಮ ಪುಟದ ಮೇಲೆ. ತುಮಕೂರಿನಲ್ಲಿ ಸ್ನೇಹಿತರ ಅಡಿಕೆ ಅಂಗಡಿಗೆ ನಾನೂ ಇಂಥದ್ದೇ ಬರೆದಿದ್ದೆ. ಬಂದ ಹೆಸರಿನಲ್ಲಿ ../ ಕಂಡರೆ ಅಳಿಸಿಬಿಡು ಅಂತ ಒಂದು ಸಾಲು ಹಾಕಿ, ಮುಗೀತು ಅಂದುಕೊಂಡೆ. ಯಾರೋ ....// ಅಂತ ಕಳಿಸಿದರು. ಕಾಗದದ ಮೇಲೆ ಬರೆದು, ಮಧ್ಯದ ../ ಹೊಡೆದುಹಾಕಿ ನೋಡಿ. ಉಳಿಯುವುದು ../ ಅಲ್ವಾ? ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬಾಕಿ ಲೆಕ್ಕದ ಫೈಲ್ ಅದೇ ಕಂಪ್ಯೂಟರಿನಲ್ಲಿತ್ತು.

ಹಾಗಾಗಿ ಅಳಿಸುವ ದಾರಿ ಬಿಡಿ. ಫೈಲಿನ ಹೆಸರನ್ನು ಹೊರಗಿನವರಿಂದ ತೆಗೆದುಕೊಳ್ಳಲೇಬೇಡಿ. ಚೀಟಿ ನಂಬರ್ ಕೇಳಿ, ಬರೀ ಅಂಕಿ ಇದ್ದರೆ ಮಾತ್ರ ಮುಂದಕ್ಕೆ ಬಿಡಿ, ಫೈಲ್ ಯಾವುದು ಅಂತ ನಿಮ್ಮ ಪಟ್ಟಿಯಿಂದಲೇ ಹುಡುಕಿ. ಜೊತೆಗೆ ರೈತರ ಫೋನ್ ನಂಬರಿನ ಕೊನೇ ನಾಲ್ಕು ಅಂಕಿಯನ್ನೂ ಕೇಳಿ, ಪಕ್ಕದವರ ಚೀಟಿ ಸುಮ್ನೆ ಸಿಗಬಾರದು. ಹೆಸರೇ ಬೇಕು ಅನ್ನುವುದಾದರೆ ರಿಯಲ್‌ಪಾತ್ ಫಂಕ್ಷನ್ ಬಳಸಿ. ಅದು ಹಿಂದೆ ಮುಂದೆ ಓಡಾಡಿದ್ದನ್ನೆಲ್ಲ ಬಿಡಿಸಿ ಪೂರ್ತಿ ವಿಳಾಸ ಕೊಡುತ್ತೆ. ಆ ವಿಳಾಸ ಚೀಟಿಗಳ ಫೋಲ್ಡರಿನ ಹೆಸರಿನಿಂದ ಶುರುವಾಗುತ್ತಾ ನೋಡಿ. ಹೋಲಿಸುವಾಗ ಹೆಸರಿನ ಕೊನೆಯ ಗೀಟನ್ನು ಮರೆಯಬೇಡಿ. ಮರೆತರೆ ‘ಚೀಟಿ’ ಪಕ್ಕದ ‘ಚೀಟಿಹಳೇದು’ ಕೂಡ ಪಾಸಾಗುತ್ತೆ.

ಎಲ್ಲ ಆದ ಮೇಲೆ ಹೊರಗಿನಿಂದ, ಮೊಬೈಲ್ ಡೇಟಾದಲ್ಲಿ, ನಿಮ್ಮ ಪುಟಕ್ಕೆ ನೀವೇ ಆ ನಾಲ್ಕು ಚುಕ್ಕಿ, ಎರಡು ಗೀಟು ಕೊಟ್ಟು ನೋಡಿ. ಏನೂ ಸಿಗಲಿಲ್ಲ ಅಂದರೆ ರೈತರಿಗೆ ತೆರೆಯಿರಿ.